ಕಂಪನಿ ಬೆಳೆದರೆ ಹಣ ಬೆಳೆಯುವುದೆ?

ಕಳೆದ ವರ್ಷ ದಸರಾ ರಜೆಗೆ ಊರಿಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ನಮ್ಮ ದೊಡ್ಡಪ್ಪನವರು ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ನಿವೃತ್ತಿಯ ಕಾಲಕ್ಕೆ ಕೈಗೆ ಬಂದ 12 ಲಕ್ಷ ರೂಪಾಯಿಯ ಗಂಟು ಬ್ಯಾಂಕಿನಲ್ಲಿತ್ತು. ಆ ಗಂಟಿನ ಮೇಲೆ ಮನೆಯವರ ಎರಡು ಆಸೆಗಳು ನಿಂತಿದ್ದುವು. ಬರುವ ವೈಶಾಖದಲ್ಲಿ ನಮ್ಮ ಅಕ್ಕನ ಮದುವೆಯಾಗಬೇಕು. ಉಳಿದುದರಲ್ಲಿ ದೊಡ್ಡಪ್ಪ ದೊಡ್ಡಮ್ಮಂದಿರ ಮುಪ್ಪು ಸಾಗಬೇಕು.

ಆ ದಿನ ಸಂಜೆ ಜಗಲಿಯ ಮೇಲೆ ಕುಳಿತಿದ್ದ ದೊಡ್ಡಪ್ಪನವರ ಕೈಯಲ್ಲಿ ಪತ್ರಿಕೆಯ ಒಂದು ತುಣುಕಿತ್ತು. ಪರಿಚಯದವರೊಬ್ಬರು ಅದನ್ನು ಕತ್ತರಿಸಿ ತಂದುಕೊಟ್ಟಿದ್ದರಂತೆ. ಕಂಪ್ಯೂಟರ್ ತಯಾರಿಸುವ ಕಂಪನಿಯೊಂದು ಹೊಸ ಕಾರ್ಖಾನೆ ಕಟ್ಟುತ್ತದೆ, ಸಾವಿರಾರು ಮಂದಿಯನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತದೆ, ಉತ್ಪಾದನೆಯನ್ನು ಇಮ್ಮಡಿ ಮಾಡುತ್ತದೆ ಎಂಬ ಸುದ್ದಿ ಅದರಲ್ಲಿತ್ತು. "ಏನಪ್ಪ, ನೀನು ಎಕನಾಮಿಕ್ಸ್ ಓದ್ತೀಯಲ್ಲ. ಕಂಪನಿ ಬೆಳೆದರೆ ಅದರಲ್ಲಿ ಹಾಕಿದ ದುಡ್ಡೂ ಬೆಳೀಬೇಕು ತಾನೆ?" ಎಂದು ದೊಡ್ಡಪ್ಪನವರು ಕೇಳಿದರು. ನಾನು ಹಿಂದುಮುಂದು ನೋಡದೆ, "ಹೌದು ದೊಡ್ಡಪ್ಪ, ಬೆಳೀಲೇಬೇಕು" ಎಂದುಬಿಟ್ಟೆ.

ರಾತ್ರಿ ಮಲಗಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ಅರ್ಥಶಾಸ್ತ್ರ ಓದಿದವನ ಮಾತನ್ನು ನಂಬಿ ಒಬ್ಬ ಹಿರಿಯರು ಮಗಳ ಮದುವೆಯ ಹಣವನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುವವರಿದ್ದರು. ಆದರೆ ನಾನು ಹೇಳಿದ "ಹೌದು" ಎಂಬುದಕ್ಕೆ ನನ್ನಲ್ಲಿ ಯಾವ ಆಧಾರವಿತ್ತು? ಬೆಳಗಾಗುತ್ತಲೆ, "ದೊಡ್ಡಪ್ಪ, ಒಂದು ತಿಂಗಳು ತಡೆಯಿರಿ, ನಾನು ಸ್ವಲ್ಪ ಓದಿ ಹೇಳುತ್ತೇನೆ" ಎಂದು ಕೇಳಿಕೊಂಡೆ. ಅವರು ನಕ್ಕು ಒಪ್ಪಿದರು. ಆ ಒಂದು ತಿಂಗಳಲ್ಲಿ ನಮ್ಮ ಅಧ್ಯಾಪಕರ ಸಹಾಯದಿಂದಲೂ ಗ್ರಂಥಾಲಯದ ಪುಸ್ತಕಗಳಿಂದಲೂ ನಾನು ತಿಳಿದುಕೊಂಡುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಬರಹದ ಉದ್ದೇಶ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇಂಥ ಜಗಲಿಯೂ ಇದೆ, ಇಂಥ ಪ್ರಶ್ನೆಯೂ ಬರಬಹುದು.

ಗಣಕಯಂತ್ರದ ಉದ್ಯಮದಲ್ಲಿ ನಡೆದ ವಿಸ್ತರಣೆಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದು ಅಮೆರಿಕಾದ ಐ.ಬಿ.ಎಂ. ಕಂಪನಿಯದು. 1960ರ ಸುಮಾರಿಗೆ ಆ ಕಂಪನಿಯೇ ಈ ಉದ್ಯಮದ ದೊರೆಯಾಗಿತ್ತು. ಆದರೆ ಅದರ ಮನೆಯೊಳಗೆ ಒಂದು ತೊಡಕಿತ್ತು. ಅದು ತಯಾರಿಸುತ್ತಿದ್ದ ಹಲವು ಬಗೆಯ ಯಂತ್ರಗಳಲ್ಲಿ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಸಣ್ಣ ಯಂತ್ರ ಸಾಲದೆ ದೊಡ್ಡದನ್ನು ತರಿಸಿಕೊಂಡ ಗ್ರಾಹಕ, ಹಳೆಯ ಯಂತ್ರಕ್ಕಾಗಿ ಬರೆಸಿದ ಕಾರ್ಯಕ್ರಮಗಳನ್ನೆಲ್ಲ ಮೂಲೆಗೆ ಹಾಕಿ ಮೊದಲಿನಿಂದ ಬರೆಸಬೇಕಾಗಿತ್ತು. ಮನೆಯ ಪ್ರತಿಯೊಂದು ಕೋಣೆಯಲ್ಲಿಯೂ ಬೇರೆ ಬೇರೆ ಭಾಷೆಯಾಡುವ ಸಂಸಾರದಂತೆ ಆಗಿತ್ತು ಆ ಕಂಪನಿಯ ಸ್ಥಿತಿ. 1961ರ ಡಿಸೆಂಬರಿನಲ್ಲಿ ಕಂಪನಿಯ ಒಳಸಮಿತಿಯೊಂದು, ಈ ಯಂತ್ರಗಳನ್ನೆಲ್ಲ ಕೈಬಿಟ್ಟು, ಸಣ್ಣದರಿಂದ ದೊಡ್ಡದರವರೆಗೆ ಒಂದೇ ಭಾಷೆಯನ್ನಾಡುವ ಯಂತ್ರಗಳ ಒಂದು ಕುಟುಂಬವನ್ನೇ ಹೊಸದಾಗಿ ನಿರ್ಮಿಸಬೇಕೆಂದು ಸಲಹೆ ಕೊಟ್ಟಿತು. ಚೆನ್ನಾಗಿ ಓಡುತ್ತಿದ್ದ ವ್ಯಾಪಾರವನ್ನು ತನ್ನ ಕೈಯಿಂದಲೇ ಹಳತು ಮಾಡುವ ಸಲಹೆ ಅದು. ಆಗ ಕಂಪನಿಯ ಮುಖ್ಯಸ್ಥನಾಗಿದ್ದ ಥಾಮಸ್ ವಾಟ್ಸನ್ ಜೂನಿಯರ್ ಅದಕ್ಕೆ ಒಪ್ಪಿದನು.

1964ರ ಏಪ್ರಿಲ್ 7ರಂದು 'ಸಿಸ್ಟಂ/360' ಎಂಬ ಹೆಸರಿನಿಂದ ಈ ಯಂತ್ರಗಳ ಪ್ರಕಟಣೆಯಾಯಿತು. ವೃತ್ತದಲ್ಲಿ 360 ಡಿಗ್ರಿಗಳಿರುವಂತೆ ಎಲ್ಲ ದಿಕ್ಕಿನ ಕೆಲಸಕ್ಕೂ ಒದಗುವ ಯಂತ್ರ ಎಂಬುದು ಆ ಹೆಸರಿನ ಅರ್ಥ. ಈ ಯೋಜನೆಗೆ ತಗಲಿದ ವೆಚ್ಚ ಸುಮಾರು 500 ಕೋಟಿ ಡಾಲರು! ಎರಡನೆಯ ಮಹಾಯುದ್ಧದಲ್ಲಿ ಅಣುಬಾಂಬನ್ನು ತಯಾರಿಸಲು ಅಮೆರಿಕಾ ಸರ್ಕಾರ ಖರ್ಚು ಮಾಡಿದ್ದು ಸುಮಾರು 200 ಕೋಟಿ ಡಾಲರು. 1964ರಲ್ಲಿ ಐ.ಬಿ.ಎಂ. ಕಂಪನಿಯ ಇಡೀ ವರ್ಷದ ವರಮಾನ ಸುಮಾರು 320 ಕೋಟಿ ಡಾಲರು. ಈ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಹಸದ ಗಾತ್ರ ಮನಸ್ಸಿಗೆ ಬರುತ್ತದೆ. 'ಫಾರ್ಚೂನ್' ಪತ್ರಿಕೆ 1966ರಲ್ಲಿ ಇದನ್ನು ಜೂಜಿಗೆ ಹೋಲಿಸಿ ಬರೆಯಿತು. ಐದು ಹೊಸ ಕಾರ್ಖಾನೆಗಳು ತೆರೆದುವು. 60,000ಕ್ಕಿಂತ ಹೆಚ್ಚು ಮಂದಿ ಹೊಸದಾಗಿ ಕೆಲಸಕ್ಕೆ ಸೇರಿದರು.

ಪ್ರಕಟಣೆಯಾದ ಒಂದು ತಿಂಗಳೊಳಗೆ ಸಾವಿರಕ್ಕೂ ಹೆಚ್ಚು ಬೇಡಿಕೆಗಳು ಬಂದುವು. ಸುದ್ದಿಯನ್ನು ಓದಿದ ಷೇರುದಾರನು ಹಿಗ್ಗಿರಬೇಕು. ಇನ್ನೇನು, ಹಣದ ಹೊಳೆಯೇ ಹರಿದು ಬರುವುದೆಂದು ನಾವೂ ನೀವೂ ಎಣಿಸುತ್ತಿದ್ದೆವು. ಆದರೆ ನಡೆದುದು ಬೇರೆ. ಎರಡೇ ವರ್ಷಗಳಲ್ಲಿ ಈ ಶ್ರೀಮಂತ ಕಂಪನಿಗೆ ನಗದಿನ ಮುಗ್ಗಟ್ಟು ಬಂದಿತು. 1966ರಲ್ಲಿ ಅದು ಸುಮಾರು 37 ಕೋಟಿ ಡಾಲರುಗಳ ಹೊಸ ಷೇರುಗಳನ್ನು ಮಾರಿ ಹಣ ತರಬೇಕಾಯಿತು. ಬೇಡಿಕೆ ತುಂಬಿ ತುಳುಕುತ್ತಿದ್ದಾಗ ಹಣದ ಅಭಾವವೇಕೆ? ಈ ಪ್ರಶ್ನೆಯೇ ನನ್ನನ್ನು ಬಹಳ ದಿನ ಕಾಡಿತು. ಇದಕ್ಕೆ ಉತ್ತರ ದೊರೆತುದು ಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮೂರ ಶಾಮಿಯಾನದ ಅಂಗಡಿಯಲ್ಲಿ.

ಆ ಕಾಲದಲ್ಲಿ ಗಣಕಯಂತ್ರಗಳನ್ನು ಬಹುಮಟ್ಟಿಗೆ ಮಾರುತ್ತಿರಲಿಲ್ಲ. ತಿಂಗಳ ಬಾಡಿಗೆಗೆ ಕೊಡುತ್ತಿದ್ದರು. ಶಾಮಿಯಾನದ ಅಂಗಡಿಯವನು ಮಾಡುವುದೂ ಇದೇ ವ್ಯಾಪಾರವಲ್ಲವೆ? ಪಾತ್ರೆ, ಕುರ್ಚಿ, ಜಮಖಾನಗಳನ್ನು ಕೊಳ್ಳುವಾಗ ಅವನು ಪೂರ್ತಿ ಬೆಲೆಯನ್ನು ಒಮ್ಮೆಗೇ ಎಣಿಸಿ ಕೊಡಬೇಕು. ಅವನಿಗೆ ಹಣ ಹಿಂದಿರುಗುವುದು ಮಾತ್ರ ಮದುವೆಯಿಂದ ಮದುವೆಗೆ, ಚೂರು ಚೂರಾಗಿ. ಒಂದು ಲೆಕ್ಕವನ್ನು ಮಾಡಿ ನೋಡೋಣ. ಯಂತ್ರವೊಂದನ್ನು ತಯಾರಿಸಲು 240 ರೂಪಾಯಿ ಖರ್ಚು, ಅದರ ಬಾಡಿಗೆ ತಿಂಗಳಿಗೆ 10 ರೂಪಾಯಿ ಎಂದಿಟ್ಟುಕೊಳ್ಳಿ. ಕಂಪನಿ ತಿಂಗಳಿಗೊಂದು ಯಂತ್ರವನ್ನು ಬಾಡಿಗೆಗೆ ಕೊಡುತ್ತ ಹೋದರೆ ಒಂದು ವರ್ಷದಲ್ಲಿ 12 ಯಂತ್ರಗಳಿಗೆ 2,880 ರೂಪಾಯಿ ಖರ್ಚಾಗುತ್ತದೆ. ಮೊದಲನೆಯ ಯಂತ್ರದಿಂದ ಹನ್ನೆರಡು ತಿಂಗಳ ಬಾಡಿಗೆ, ಎರಡನೆಯದರಿಂದ ಹನ್ನೊಂದು ತಿಂಗಳದು, ಹೀಗೆ ಕಡೆಯದರಿಂದ ಒಂದೇ ತಿಂಗಳದು. ಒಟ್ಟು 78 ತಿಂಗಳ ಬಾಡಿಗೆ, ಎಂದರೆ 780 ರೂಪಾಯಿ. ವರ್ಷದ ಕೊನೆಗೆ ಕೈಯಿಂದ ಹೋದದ್ದು 2,100 ರೂಪಾಯಿ. ವ್ಯಾಪಾರ ಇಮ್ಮಡಿಯಾಯಿತು, ತಿಂಗಳಿಗೆ ಎರಡು ಯಂತ್ರ ಹೋಯಿತು ಎನ್ನಿ; ಕೈಯಿಂದ ಹೋಗುವ ಹಣವೂ ಇಮ್ಮಡಿಯಾಗಿ 4,200 ರೂಪಾಯಿಯಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಕಂಪನಿ ಒಂದು ವರ್ಷದ ಮೇಲೆ ಹೊಸ ಯಂತ್ರವನ್ನು ಮಾಡದೆ ಸುಮ್ಮನೆ ಕುಳಿತರೆ, ಹನ್ನೆರಡು ಯಂತ್ರಗಳಿಂದ ತಿಂಗಳಿಗೆ 120 ರೂಪಾಯಿ ಬರುತ್ತ, ಹದಿನೆಂಟು ತಿಂಗಳೊಳಗೆ ಕೊರತೆಯೆಲ್ಲ ತುಂಬಿ, ಆಮೇಲೆ ಬಂದುದೆಲ್ಲ ಉಳಿತಾಯ. ಬೆಳೆಯುವುದನ್ನು ನಿಲ್ಲಿಸಿದಾಗ ಹಣ ಬರುತ್ತದೆ. ಬೆಳೆಯುತ್ತಿರುವಾಗ ಹಣ ಹೋಗುತ್ತದೆ. ವ್ಯಾಪಾರದಲ್ಲಿ ನಷ್ಟವಿದೆಯೆಂದು ಇದರ ಅರ್ಥವಲ್ಲ. ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ. ಎಳೆಯ ಮಕ್ಕಳಿರುವ ಮನೆಯಲ್ಲಿ ಅಕ್ಕಿಯ ಖರ್ಚು ಹೆಚ್ಚೆಂಬುದನ್ನು ನಮ್ಮ ತಾಯಂದಿರು ಬಲ್ಲರು. ಬೆಳೆಯುವ ಕಂಪನಿಯ ಹಸಿವೂ ಅಂಥದೇ. ಐ.ಬಿ.ಎಂ. ಖರ್ಚು ಮಾಡಿದ 500 ಕೋಟಿ ಡಾಲರುಗಳಲ್ಲಿ ಬಹುಪಾಲು ಹೋದದ್ದು ಸಂಶೋಧನೆಗಲ್ಲ. ಕಾರ್ಖಾನೆಗಳಿಗೆ, ಉಪಕರಣಗಳಿಗೆ ಮತ್ತು ಬಾಡಿಗೆಗೆ ಕೊಡಬೇಕಾಗಿದ್ದ ಈ ಯಂತ್ರಗಳಿಗೆ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ತಯಾರಿಕೆಯೂ ನಿರೀಕ್ಷಿಸಿದಂತೆ ನಡೆಯಲಿಲ್ಲ. ಈ ಯಂತ್ರಗಳೊಳಗಿನ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಐ.ಬಿ.ಎಂ. ತಾನೇ ತಯಾರಿಸಲು ಹೊರಟಿತು. ಆ ವಿದ್ಯೆ ಹೊಸದು, ಕೈ ಪಳಗಲು ಕಾಲ ಬೇಕಾಯಿತು. ಯಂತ್ರಗಳನ್ನು ನಡೆಸುವ ಕಾರ್ಯಕ್ರಮಗಳನ್ನು ಬರೆಯುವ ಕೆಲಸವಂತೂ ಮೊದಲಿನ ಅಂದಾಜುಗಳನ್ನೆಲ್ಲ ಮೀರಿ ಬೆಳೆದು, ಅದೊಂದಕ್ಕೇ ಸುಮಾರು 50 ಕೋಟಿ ಡಾಲರು ಹಿಡಿಯಿತು. ಆ ಕೆಲಸದ ಮೇಲ್ವಿಚಾರಕನಾಗಿದ್ದ ಫ್ರೆಡರಿಕ್ ಬ್ರೂಕ್ಸ್ ತನ್ನ ಅನುಭವವನ್ನು 1975ರಲ್ಲಿ ಪುಸ್ತಕವಾಗಿ ಬರೆದನು. ತಡವಾದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂಬುದು ಅವನು ಕಂಡುಕೊಂಡ ನಿಯಮ. ಹೊಸಬರಿಗೆ ಹಳಬರು ಕೆಲಸ ಕಲಿಸುತ್ತ ಕುಳಿತರೆ ಕೆಲಸ ಮಾಡುವವರು ಯಾರು? 1965ರ ಅಕ್ಟೋಬರಿನಲ್ಲಿ ಯಂತ್ರಗಳನ್ನು ಕೊಡುವುದು ತಡವಾಗುತ್ತದೆಂದು ಕಂಪನಿ ಒಪ್ಪಿಕೊಳ್ಳಬೇಕಾಯಿತು. ಕಾರ್ಖಾನೆಯಿಂದ ಕಾರ್ಖಾನೆಗೆ ಸಾಗುತ್ತಿದ್ದ ಅರೆ ತಯಾರಾದ ಸರಕಿನ ದಾಸ್ತಾನು ಸುಮಾರು 60 ಕೋಟಿ ಡಾಲರುಗಳಷ್ಟಿದ್ದು, ಅದರ ಲೆಕ್ಕವೇ ಸರಿಯಾಗಿ ಸಿಕ್ಕುತ್ತಿರಲಿಲ್ಲ. ತಯಾರಿಕೆಯ ಹೊಣೆ ಹೊತ್ತಿದ್ದವನು ವಾಟ್ಸನ್ನನ ಸ್ವಂತ ತಮ್ಮ ಆರ್ಥರ್. ಅಣ್ಣನು ತಮ್ಮನನ್ನು ಆ ಸ್ಥಾನದಿಂದ ಸರಿಸಿ ಬೇರೆಯವನಿಗೆ ಕೆಲಸ ಒಪ್ಪಿಸಿದನು. ಯಂತ್ರ ಗೆದ್ದರೂ ಮನೆಯೊಳಗಿನ ಆ ನೋವು ವಾಟ್ಸನ್ನನ ಮನಸ್ಸಿನಿಂದ ಹೋಗಲಿಲ್ಲ.

ಕಡೆಗೆ ಸಾಹಸ ಫಲಿಸಿತು. 1970ರ ಹೊತ್ತಿಗೆ ಕಂಪನಿಯ ವರ್ಷದ ವರಮಾನ ಸುಮಾರು 750 ಕೋಟಿ ಡಾಲರುಗಳಿಗೆ ಏರಿತು. ಆರು ವರ್ಷಗಳಲ್ಲಿ ಎರಡು ಪಟ್ಟಿಗೂ ಹೆಚ್ಚು. ಕಷ್ಟಕಾಲದಲ್ಲಿ ಕೈಬಿಡದೆ ಷೇರುಗಳನ್ನು ಇಟ್ಟುಕೊಂಡವನು ಧನ್ಯನಾದನು. ಆದರೆ ಗೆಲವೂ ಕೆಲವು ತೊಂದರೆಗಳನ್ನು ಜೊತೆಗೇ ತಂದಿತು. ಏಕಸ್ವಾಮ್ಯದ ಆಪಾದನೆಯ ಮೇಲೆ ಅಮೆರಿಕಾ ಸರ್ಕಾರ 1969ರ ಜನವರಿಯಲ್ಲಿ ಹೂಡಿದ ಮೊಕದ್ದಮೆ 1982ರವರೆಗೆ, ಹದಿಮೂರು ವರ್ಷ ಎಳೆದು, ಕಡೆಗೆ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು.

ಇನ್ನು, ಗೆದ್ದವನನ್ನು ನೋಡಿ ಹಿಂಬಾಲಿಸಿದವರ ಗತಿಯೇನಾಯಿತು? ರೇಡಿಯೋ, ಟೆಲಿವಿಷನ್ನುಗಳಿಗೆ ಹೆಸರಾಗಿದ್ದ ಆರ್.ಸಿ.ಎ. ಕಂಪನಿಯೂ ಅದೇ 1964ರ ಡಿಸೆಂಬರಿನಲ್ಲಿ, ಐ.ಬಿ.ಎಂ. ಯಂತ್ರದ ಕಾರ್ಯಕ್ರಮಗಳಿಗೆ ಹೊಂದುವಂಥ 'ಸ್ಪೆಕ್ಟ್ರಾ 70' ಯಂತ್ರಗಳನ್ನು ಪ್ರಕಟಿಸಿತು. ಹಣವಿತ್ತು, ಹೆಸರಿತ್ತು, ವಿಜ್ಞಾನಿಗಳಿದ್ದರು. ಆದರೂ 1971ರ ಸೆಪ್ಟೆಂಬರಿನಲ್ಲಿ ಅದು ಗಣಕಯಂತ್ರದ ವ್ಯಾಪಾರವನ್ನೇ ಮುಚ್ಚಿ, ಸುಮಾರು 49 ಕೋಟಿ ಡಾಲರುಗಳನ್ನು ನಷ್ಟವೆಂದು ಲೆಕ್ಕದಿಂದ ಹೊಡೆದುಹಾಕಿತು. ಅದಕ್ಕೆ ಒಂದು ವರ್ಷ ಮೊದಲೇ, 1970ರಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿ ತನ್ನ ಗಣಕಯಂತ್ರ ವಿಭಾಗವನ್ನು ಹನಿವೆಲ್ ಕಂಪನಿಗೆ ವಹಿಸಿಕೊಟ್ಟಿತ್ತು. ಇವು ಬಡ ಕಂಪನಿಗಳಲ್ಲ. ವಿಸ್ತರಣೆಯ ಹಸಿವನ್ನು ಎಷ್ಟು ಕಾಲ ತಡೆದುಕೊಳ್ಳಬಲ್ಲೆವೆಂಬ ಪರೀಕ್ಷೆಯಲ್ಲಿ ಸೋತ ದೊಡ್ಡ ಮನೆತನಗಳು.

ಇದಕ್ಕಿಂತ ಸ್ವಾರಸ್ಯವಾದುದು ಆಸ್ಬರ್ನ್ ಕಂಪನಿಯ ಕಥೆ. ಆಡಂ ಆಸ್ಬರ್ನ್ ಎಂಬಾತನು 1981ರಲ್ಲಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಕಂಪ್ಯೂಟರನ್ನು ಮಾರಾಟಕ್ಕೆ ತಂದನು. ತೂಕ ಸುಮಾರು 11 ಕಿಲೋ. ಬೆಲೆ 1,795 ಡಾಲರು. ಜನ ಮುಗಿಬಿದ್ದು ಕೊಂಡರು. ಕಂಪನಿ ಬಳ್ಳಿಯಂತೆ ಹಬ್ಬಿತು. ಸಾರ್ವಜನಿಕರಿಗೆ ಷೇರುಗಳನ್ನು ಮಾರುವ ಸಿದ್ಧತೆಯೂ ನಡೆಯಿತು. 1983ರಲ್ಲಿ ಹೊಸ ಮಾದರಿಯೊಂದರ ಸುದ್ದಿ, ಆ ಯಂತ್ರ ಅಂಗಡಿಗೆ ಬರುವ ಮೊದಲೇ, ಹೊರಗೆ ಬಿದ್ದಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗಾಯಿತು. ಹೊಸದು ಬರುವುದಾದರೆ ಹಳೆಯದನ್ನು ಯಾರು ಕೊಳ್ಳುತ್ತಾರೆ? ಹಳೆಯ ಸರಕು ಗೋದಾಮಿನಲ್ಲಿ ಉಳಿಯಿತು. ಅಷ್ಟರಲ್ಲಿ ಐ.ಬಿ.ಎಂ.ನ ಸಣ್ಣ ಕಂಪ್ಯೂಟರ್ ಹಾಗೂ ಇತರರ ಅಗ್ಗದ ಯಂತ್ರಗಳು ಪೈಪೋಟಿಗೆ ನಿಂತಿದ್ದುವು. 1983ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು. ಅದರ ವ್ಯಾಪಾರದ ಒಟ್ಟು ಆಯುಷ್ಯ ಎರಡೂವರೆ ವರ್ಷಕ್ಕೂ ಕಡಮೆ.

ಎಲ್ಲರೂ ಹೀಗೆಯೇ ಆದರೆಂದು ಹೇಳಿದರೆ ಅನ್ಯಾಯವಾದೀತು. ನಿಧಾನವಾಗಿ ಬೆಳೆದು ಹಣ ಹಾಕಿದವರನ್ನು ತಣಿಸಿದ ಕಂಪನಿಯೂ ಉಂಟು. 1957ರಲ್ಲಿ ಕೆನೆತ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಎಂಬ ಇಬ್ಬರು ಎಂಜಿನಿಯರುಗಳು ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಕಂಪನಿಯನ್ನು ಕಟ್ಟಿದರು. ಜಾರ್ಜ್ ಡೋರಿಯೋ ನಡೆಸುತ್ತಿದ್ದ ಬಂಡವಾಳ ಸಂಸ್ಥೆಯೊಂದು ಅವರಿಗೆ 70,000 ಡಾಲರು ಕೊಟ್ಟು ಕಂಪನಿಯಲ್ಲಿ ಶೇಕಡಾ 70ರಷ್ಟು ಪಾಲು ಪಡೆಯಿತು. ಕಂಪ್ಯೂಟರ್ ತಯಾರಿಸಿ ಲಾಭ ಮಾಡುತ್ತೇವೆಂದರೆ ಆಗ ಹಣ ಹಾಕುವವರು ಹೆದರುತ್ತಿದ್ದ ಕಾರಣ, ಯೋಜನೆಯ ಪತ್ರದಲ್ಲಿ 'ಕಂಪ್ಯೂಟರ್' ಎಂಬ ಮಾತನ್ನೇ ಎತ್ತಬೇಡಿರೆಂದು ಅವರಿಗೆ ಹೇಳಲಾಗಿತ್ತಂತೆ! ಅವರು ಹಳೆಯ ಉಣ್ಣೆ ಗಿರಣಿಯ ಒಂದು ಭಾಗವನ್ನು ಬಾಡಿಗೆಗೆ ಹಿಡಿದು, ಮೊದಲು ಪ್ರಯೋಗಾಲಯಗಳಿಗೆ ಬೇಕಾದ ಸಣ್ಣ ಬಿಡಿಭಾಗಗಳನ್ನು ಮಾರಿ, ಮೊದಲ ವರ್ಷದಲ್ಲೇ ಲಾಭ ಕಂಡು, ಆ ಬಲದ ಮೇಲೆ ಕಂಪ್ಯೂಟರಿಗೆ ಕೈಹಾಕಿದರು. 1965ರಲ್ಲಿ ಬಂದ ಅವರ 'ಪಿ.ಡಿ.ಪಿ.-8' ಯಂತ್ರದ ಬೆಲೆ 18,000 ಡಾಲರು. ದೊಡ್ಡ ಯಂತ್ರಗಳ ಮುಂದೆ ಅದು ತೀರ ಅಗ್ಗ. 1966ರಲ್ಲಿ ಕಂಪನಿಯ ಷೇರುಗಳು ಸಾರ್ವಜನಿಕರಿಗೆ ದೊರೆತುವು. ಡೋರಿಯೋನ 70,000 ಡಾಲರು ಕೋಟಿಗಟ್ಟಲೆಯಾಗಿ ಬೆಳೆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಿದವರಿಗೆ ದೊರೆತ ಫಲ ಇದು. ಆದರೆ ಆ ಕಂಪನಿಯೂ ಶಾಶ್ವತವಾಗಿ ನಿಲ್ಲಲಿಲ್ಲ; 1998ರಲ್ಲಿ ಕಾಂಪ್ಯಾಕ್ ಅದನ್ನು ಕೊಂಡಿತು, 2002ರಲ್ಲಿ ಕಾಂಪ್ಯಾಕ್ ಕಂಪನಿಯೂ ಹ್ಯೂಲೆಟ್-ಪ್ಯಾಕರ್ಡಿನಲ್ಲಿ ಲೀನವಾಯಿತು.

ಐ.ಬಿ.ಎಂ. ಕಂಪನಿಯ ವಿಷಯದಲ್ಲಿಯೂ ಒಂದು ಮಾತು ಉಳಿದಿದೆ. ನಿವೃತ್ತರೂ ವಿಧವೆಯರೂ ಕಣ್ಣುಮುಚ್ಚಿ ಇಟ್ಟುಕೊಳ್ಳಬಹುದಾದ ಷೇರೆಂದು ಅಮೆರಿಕಾದಲ್ಲಿ ಅದಕ್ಕೆ ಹೆಸರಿತ್ತು. ಆದರೆ 1992ರಲ್ಲಿ ಅದು ಸುಮಾರು 500 ಕೋಟಿ ಡಾಲರು ನಷ್ಟ ಅನುಭವಿಸಿತು. 1993ರಲ್ಲಿ ನಷ್ಟ 800 ಕೋಟಿಯನ್ನು ಮೀರಿತು. ಆ ವರ್ಷ ಡಿವಿಡೆಂಡನ್ನು ಎರಡು ಸಲ ಕಡಿತ ಮಾಡಲಾಯಿತು. ಆ ಡಿವಿಡೆಂಡನ್ನೇ ನೆಚ್ಚಿ ತಿಂಗಳ ಖರ್ಚು ಕಳೆಯುತ್ತಿದ್ದ ಮುದುಕರ ಪಾಡೇನಾಗಿರಬೇಕು! ಕಂಪನಿ ಆಮೇಲೆ ಚೇತರಿಸಿಕೊಂಡಿತು, ನಿಜ. ಕಂಪನಿಗೆ ಕಾಯಲು ಕಾಲವಿರುತ್ತದೆ. ಎಪ್ಪತ್ತು ವರ್ಷದ ಮನುಷ್ಯನಿಗೆ ಅಷ್ಟು ಕಾಲವಿರುತ್ತದೆಯೆ?

ಇಷ್ಟು ಕಥೆಗಳಿಂದ ನಾನು ತೆಗೆದುಕೊಂಡ ಪ್ರಶ್ನೆಗಳನ್ನು ಈಗ ಕ್ರಮವಾಗಿ ಹೇಳುತ್ತೇನೆ. ವಿಸ್ತರಣೆಯ ಸುದ್ದಿಯನ್ನು ಓದಿದ ಕೂಡಲೇ ಇವನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದು: ವಿಸ್ತರಣೆಯ ಹಣ ಯಾರದು? ಕಂಪನಿ ತನ್ನ ಲಾಭದ ಉಳಿತಾಯದಿಂದ ಕಟ್ಟುತ್ತದೆಯೆ, ಸಾಲ ತಂದು ಕಟ್ಟುತ್ತದೆಯೆ, ಅಥವಾ ಹೊಸ ಷೇರುಗಳನ್ನು ಮಾರಿ ಕಟ್ಟುತ್ತದೆಯೆ? ಸಾಲವಾದರೆ ಲಾಭ ಬರಲಿ ಬಿಡಲಿ ಬಡ್ಡಿ ತೆರಲೇಬೇಕು. ಹೊಸ ಷೇರುಗಳಾದರೆ ಹಳೆಯ ಷೇರುದಾರನ ಪಾಲು ತೆಳುವಾಗುತ್ತದೆ. ಉದಾಹರಣೆಗೆ, 100 ಷೇರುಗಳಿಗೆ 1,000 ರೂಪಾಯಿ ಲಾಭವಿದ್ದರೆ ಷೇರೊಂದಕ್ಕೆ 10 ರೂಪಾಯಿ ಬೀಳುತ್ತದೆ. ಇನ್ನೂ 25 ಷೇರುಗಳನ್ನು ಹೊರಡಿಸಿದಾಗ ಲಾಭ ಅಷ್ಟೇ ಉಳಿದರೆ ಷೇರಿಗೆ 8 ರೂಪಾಯಿ ಮಾತ್ರ. ಲಾಭ 1,250 ರೂಪಾಯಿಗೆ ಏರಿದರೂ ಹಳೆಯ ಷೇರುದಾರನು ಮೊದಲಿದ್ದಲ್ಲಿಯೇ ಇರುತ್ತಾನೆ. ಪಂಕ್ತಿ ದೊಡ್ಡದಾಯಿತೆಂದು ಎಲೆಗೆ ಬೀಳುವ ಪಾಯಸ ಹೆಚ್ಚಾಗುವುದಿಲ್ಲ.

ಎರಡನೆಯದು: ಹಾಕಿದ ಹಣ ಎಷ್ಟು ಕಾಲಕ್ಕೆ ಹಿಂದಿರುಗುತ್ತದೆ? ಕಂಪನಿಯ ವಾರ್ಷಿಕ ವರದಿಯಲ್ಲಿ ಲಾಭನಷ್ಟದ ಪಟ್ಟಿಯ ಜೊತೆಗೆ ನಗದಿನ ಒಳಹೊರ ಹರಿವನ್ನು ತೋರಿಸುವ ಪಟ್ಟಿಯೂ ಇರುತ್ತದೆ. ಬಹಳ ಮಂದಿ ಮೊದಲನೆಯದನ್ನು ನೋಡಿ ಎರಡನೆಯದನ್ನು ಮಗುಚಿಹಾಕುತ್ತಾರೆ. ಬೆಳೆಯುವ ಕಂಪನಿಯ ಕಷ್ಟ ಕಾಣಿಸುವುದು ಎರಡನೆಯದರಲ್ಲಿಯೇ.

ಮೂರನೆಯದು: ಹೊಸ ಯಂತ್ರ ಹಳೆಯ ಯಂತ್ರವನ್ನು ಕೊಲ್ಲುತ್ತದೆಯೆ? ಗಣಕಯಂತ್ರವೆಂಬುದು ಹಿತ್ತಾಳೆಯ ಕೊಪ್ಪರಿಗೆಯಲ್ಲ, ಅಜ್ಜಿಯ ಕಾಲದ್ದು ಮೊಮ್ಮಗಳ ಮದುವೆಗೂ ಒದಗಲು. ನಾಲ್ಕಾರು ವರ್ಷಗಳಲ್ಲಿ ಅದು ಹಳತಾಗುತ್ತದೆ. ಆದುದರಿಂದ ಗೋದಾಮಿನಲ್ಲಿರುವ ದಾಸ್ತಾನು ವರ್ಷದಿಂದ ವರ್ಷಕ್ಕೆ ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದೆಯೆ ಎಂಬುದನ್ನು ನೋಡಬೇಕು.

ನಾಲ್ಕನೆಯದು: ಸುದ್ದಿ ಈಗಲೇ ಏಕೆ ಬಂತು? ಐ.ಬಿ.ಎಂ. ತನ್ನ ಆರು ಮಾದರಿಗಳನ್ನು 1964ರಲ್ಲಿ ಒಟ್ಟಿಗೆ ಪ್ರಕಟಿಸಿದಾಗ ಎಲ್ಲವೂ ಸಿದ್ಧವಾಗಿರಲಿಲ್ಲ. ಹಿಂದಿನ ಡಿಸೆಂಬರಿನಲ್ಲಿ ಹನಿವೆಲ್ ಕಂಪನಿ ತಂದ ಹೊಸ ಯಂತ್ರ ಅದರ ಗ್ರಾಹಕರನ್ನು ಸೆಳೆಯುತ್ತಿದ್ದುದೂ ಆ ಅವಸರಕ್ಕೆ ಒಂದು ಕಾರಣ. ಪ್ರಕಟಣೆ ಎಂಬುದು ಅನೇಕ ವೇಳೆ ಗ್ರಾಹಕನನ್ನೋ ಪ್ರತಿಸ್ಪರ್ಧಿಯನ್ನೋ ಉದ್ದೇಶಿಸಿದ ಮಾತು. ಹಣ ಹೂಡುವವನು ಅದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ, ಅಷ್ಟೆ.

ಐದನೆಯದು: ನಾನು ಕೊಡುವ ಬೆಲೆಯೇನು? ಒಳ್ಳೆಯ ಕಂಪನಿಯಾದರೂ ಬೆಲೆ ಅತಿಯಾದರೆ ಒಳ್ಳೆಯ ಹೂಡಿಕೆಯಾಗದು. ಸುದ್ದಿ ಪತ್ರಿಕೆಯಲ್ಲಿ ಅಚ್ಚಾಗಿ, ಕತ್ತರಿಸಲ್ಪಟ್ಟು, ನಮ್ಮೂರ ಜಗಲಿಗೆ ಬರುವಷ್ಟರಲ್ಲಿ ಪೇಟೆಯವರೆಲ್ಲ ಅದನ್ನು ಓದಿ, ಷೇರಿನ ಬೆಲೆಯೊಳಗೆ ಆ ಆಸೆಯನ್ನೂ ಸೇರಿಸಿರುತ್ತಾರೆ. ಷೇರಿಗೆ 10 ರೂಪಾಯಿ ಗಳಿಸುವ ಕಂಪನಿಯ ಷೇರನ್ನು 100 ರೂಪಾಯಿಗೆ ಕೊಳ್ಳುವುದು ಬೇರೆ, 500 ರೂಪಾಯಿಗೆ ಕೊಳ್ಳುವುದು ಬೇರೆ. ಎರಡನೆಯವನು, ಇನ್ನೂ ನಡೆಯದ ವಿಸ್ತರಣೆಗೆ ಮುಂಗಡವಾಗಿಯೇ ಬೆಲೆ ತೆತ್ತಿದ್ದಾನೆ.

ಆರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಈ ಹಣ ನನಗೆ ಯಾವಾಗ ಬೇಕು? ಈ ಪ್ರಶ್ನೆಗೆ ಕಂಪನಿಯ ವರದಿಯಲ್ಲಿ ಉತ್ತರವಿರುವುದಿಲ್ಲ, ಮನೆಯ ಪಂಚಾಂಗದಲ್ಲಿರುತ್ತದೆ. 1965ರಲ್ಲಿ ಐ.ಬಿ.ಎಂ. ಷೇರು ಕೊಂಡವನು ಹತ್ತು ವರ್ಷ ಕಾಯಬಲ್ಲವನಾದರೆ ಅವನಿಗೆ 1966ರ ಮುಗ್ಗಟ್ಟು ಒಂದು ಕಥೆ ಮಾತ್ರ. 1966ರಲ್ಲೇ ಮಗಳ ಮದುವೆ ಮಾಡಬೇಕಾಗಿದ್ದವನಿಗೆ ಅದು ಕಥೆಯಲ್ಲ.

ಈಗ ನಮ್ಮ ದೇಶದಲ್ಲಿ ಈ ಪ್ರಶ್ನೆಗಳನ್ನು ಕೇಳಲು ಸಾಧನಗಳು ಉಂಟು. 1992ರಲ್ಲಿ ಶಾಸನಬದ್ಧ ಅಧಿಕಾರ ಪಡೆದ ಸೆಬಿ ಸಂಸ್ಥೆಯ ನಿಯಮಗಳಂತೆ, ಸಾರ್ವಜನಿಕರಿಗೆ ಷೇರು ಮಾರುವ ಕಂಪನಿ ಆ ಹಣವನ್ನು ಯಾವುದಕ್ಕೆ ಬಳಸುವುದೆಂಬುದನ್ನೂ, ಎದುರಾಗಬಹುದಾದ ಅಪಾಯಗಳನ್ನೂ ತನ್ನ ಪ್ರಾಸ್ಪೆಕ್ಟಸಿನಲ್ಲಿ ಬರೆಯಲೇಬೇಕು. ಅಪಾಯಗಳ ಆ ಪುಟಗಳು ಓದಲು ಬೇಸರವೆಂದು ನಾವು ಬಿಟ್ಟುಬಿಡುತ್ತೇವೆ. ಪತ್ರಿಕೆಯ ತುಣುಕಿನಲ್ಲಿ ಇಲ್ಲದಿರುವುದು ಇರುವುದು ಅಲ್ಲಿಯೇ.

ಕಾರ್ತಿಕ ಮಾಸದ ಒಂದು ಭಾನುವಾರ ನಾನು ಮತ್ತೆ ಊರಿಗೆ ಹೋಗಿ, ಅದೇ ಜಗಲಿಯ ಮೇಲೆ ಕುಳಿತು, "ದೊಡ್ಡಪ್ಪ, ಅವತ್ತು ನಾನು ಹೌದು ಅಂದದ್ದು ತಪ್ಪು" ಎಂದು ಮೊದಲು ಮಾಡಿ, ಶಾಮಿಯಾನದ ಲೆಕ್ಕವನ್ನು ಹೇಳಿದೆ. ಅವರು ಹಳೆಯ ಗಣಿತದ ಮೇಷ್ಟ್ರು. ಎಪ್ಪತ್ತೆಂಟು ತಿಂಗಳ ಬಾಡಿಗೆಯ ಲೆಕ್ಕವನ್ನು ಮನಸ್ಸಿನಲ್ಲೇ ಕೂಡಿಸಿ, "ಸರಿಯಾಗಿದೆ" ಎಂದರು. ನಾವಿಬ್ಬರೂ ಕುಳಿತು ಆ ಕಂಪನಿಯ ವಾರ್ಷಿಕ ವರದಿಯನ್ನು ತೆರೆದೆವು. ಲಾಭ ಏರುತ್ತಿತ್ತು, ಸಾಲವೂ ಏರುತ್ತಿತ್ತು, ನಗದು ಮಾತ್ರ ಎರಡು ವರ್ಷದಿಂದ ಹೊರಗೇ ಹರಿಯುತ್ತಿತ್ತು. ಅದು ಕೆಟ್ಟ ಕಂಪನಿಯೆಂದು ನಾನು ಹೇಳಲಿಲ್ಲ. ಹೇಳುವ ಯೋಗ್ಯತೆಯೂ ನನಗಿರಲಿಲ್ಲ. "ವೈಶಾಖ ಇನ್ನು ಆರು ತಿಂಗಳಿದೆ" ಎಂದಷ್ಟೆ ಅಂದೆ. ದೊಡ್ಡಪ್ಪನವರು ಮದುವೆಯ ಹಣವನ್ನು ಬ್ಯಾಂಕಿನಲ್ಲಿಯೇ ಬಿಟ್ಟರು. ಉಳಿದುದರಲ್ಲಿ 20,000 ರೂಪಾಯಿಗೆ ಮಾತ್ರ ಆ ಷೇರುಗಳನ್ನು ಕೊಂಡು, "ಇದು ಹೋದರೆ ನಾನು ಅಳೋದಿಲ್ಲ, ಬಂದರೆ ನಿನಗೆ ಒಂದು ಅಂಗಿ" ಎಂದರು.

ನಡೆದುದನ್ನು ಮುಚ್ಚಿಡಬಾರದು. ಮುಂದಿನ ನಾಲ್ಕು ತಿಂಗಳಲ್ಲಿ ಆ ಷೇರಿನ ಬೆಲೆ ಏರಿತು. ಪತ್ರಿಕೆಯ ತುಣುಕು ತಂದವರು ಮನೆಗೆ ಬಂದು, "ನಿಮ್ಮ ಹುಡುಗನ ಮಾತು ಕೇಳಿ ಲಕ್ಷಗಟ್ಟಲೆ ಕಳಕೊಂಡಿರಿ ಮೇಷ್ಟ್ರೆ" ಎಂದು ಹಂಗಿಸಿ ಹೋದರಂತೆ. ಇದನ್ನು ಕೇಳಿದಾಗ ನನ್ನ ಮುಖ ಸಣ್ಣದಾಯಿತು. ನಾನು ಓದಿ ಹೇಳಿದುದು ಸುಳ್ಳಾಯಿತೆ ಎಂದು ಎರಡು ದಿನ ಯೋಚಿಸಿದೆ. ಇಲ್ಲವೆಂದು ಈಗ ತೋರುತ್ತದೆ. ಬೆಲೆ ಏರುವುದೋ ಇಳಿಯುವುದೋ ನನಗೂ ತಿಳಿದಿರಲಿಲ್ಲ, ಅವರಿಗೂ ತಿಳಿದಿರಲಿಲ್ಲ. ಮದುವೆಯ ದಿನ ಮಾತ್ರ ಇಬ್ಬರಿಗೂ ತಿಳಿದಿತ್ತು. ತಿಳಿದಿರುವ ದಿನದ ಖರ್ಚನ್ನು ತಿಳಿಯದ ಬೆಲೆಯ ಮೇಲೆ ಕಟ್ಟಬಾರದೆಂಬುದಷ್ಟೇ ನನ್ನ ಒಂದು ತಿಂಗಳ ಓದಿನ ಸಾರ.

ವೈಶಾಖದಲ್ಲಿ ಅಕ್ಕನ ಮದುವೆ ಸಾಂಗವಾಗಿ ನಡೆಯಿತು. ಧಾರೆಯ ಹಿಂದಿನ ರಾತ್ರಿ ಛತ್ರದಲ್ಲಿ ಪಾತ್ರೆಗಳನ್ನು ಎಣಿಸಿ ಇಳಿಸಿಕೊಳ್ಳುತ್ತಿದ್ದಾಗ ಶಾಮಿಯಾನದವನು ಬಾಡಿಗೆಯ ಮುಂಗಡ ಕೇಳಿದನು. ದೊಡ್ಡಪ್ಪನವರು ಜೇಬಿನಿಂದ ನೋಟುಗಳನ್ನು ತೆಗೆದು ಎಣಿಸಿ ಕೊಟ್ಟು, ನನ್ನ ಕಡೆ ತಿರುಗಿ, "ಇವನೂ ವಿಸ್ತರಣೆ ಮಾಡ್ತಾ ಇದಾನಂತೆ ಕಣಪ್ಪ, ಹೊಸದಾಗಿ ಐನೂರು ಕುರ್ಚಿ ತಗೊಂಡನಂತೆ. ಯಾರ ದುಡ್ಡು ಅಂತ ಕೇಳಲೋ?" ಎಂದು ಕೇಳಿ ನಕ್ಕರು. ಅಂಗಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ನೆನಪು ಮಾಡಲಿಲ್ಲ.